ಹುಟ್ಟಿದ್ದು ಎಷ್ಟು ಹೊತ್ತಿಗೆ

ವುರ್ಯಾನಿ ತನ್ನ ಅಂಗಡಿಯ ಪುಸ್ತಕಗಳನ್ನು ಓದುತ್ತಿರಲಿಲ್ಲ. ಹೀಗೆಂದರೆ ನಮ್ಮ ಗಲ್ಲಿಯಲ್ಲಿ ಯಾರೂ ನಂಬುವುದಿಲ್ಲ. ಸೋಲೊ ಊರಿನ ಬಾಟಿಕ್ ಕೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾದಂಬರಿಗಳನ್ನು ಬಾಡಿಗೆಗೆ ಕೊಡುತ್ತಿದ್ದವಳು ಅವಳು. ಆದರೆ ನನ್ನ ಹೊಲಿಗೆ ಅಂಗಡಿಗೂ ಅವಳ ಅಂಗಡಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅವಳು ಸೀನಿದರೆ ನನಗೆ ಕೇಳಿಸುತ್ತಿತ್ತು, ನಾನು ಗೊಣಗಿದರೆ ಅವಳಿಗೆ ಕೇಳಿಸುತ್ತಿತ್ತು. ಅವಳು ಓದುತ್ತಿದ್ದದ್ದೇನು, ಓದದೆ ಬಿಟ್ಟದ್ದೇನು ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಅವಳು ಓದುತ್ತಿದ್ದದ್ದು ಓದಿದವರ ಅಭಿಪ್ರಾಯಗಳನ್ನು. ಪ್ರತಿ ಪುಸ್ತಕದ ಹಿಂಬದಿ ರಟ್ಟಿನ ಒಳಗೆ ಗೆರೆ ಹಾಕಿದ ಒಂದು ಹಾಳೆ ಅಂಟಿಸಿರುತ್ತಿದ್ದಳು. ಓದಿ ಮುಗಿಸಿದವರು ತಮಗೇನು ಅನಿಸಿತೋ ಅದರಲ್ಲಿ ಬರೆಯಬೇಕು. ಬರೆಯದಿದ್ದರೆ ಮುಂದಿನ ಸಂಪುಟ ಸಿಗುತ್ತಿರಲಿಲ್ಲ. ಶಾಲೆಯ ಹುಡುಗಿಯರು ಮೊದಮೊದಲು ಮುಖ ಊದಿಸಿಕೊಂಡು ಬರೆದರು, ಆಮೇಲೆ ಅದೇ ಒಂದು ಚಟವಾಯಿತು. ಗಲ್ಲಿ ಪೂರ್ತಿ ಮಲಗಿರುವ ಮಧ್ಯಾಹ್ನದ ಹೊತ್ತಿನಲ್ಲಿ ವುರ್ಯಾನಿ ಅವನ್ನೆಲ್ಲ ಓದಿ, ಕೆಳಗೆ ಪೆನ್ಸಿಲಿನಲ್ಲಿ ಉತ್ತರ ಬರೆಯುತ್ತಿದ್ದಳು.

“ಕಥೇನ ಬಿಟ್ಟು ಇದನ್ನೇನು ಓದ್ತೀಯ?” ಎಂದು ಒಮ್ಮೆ ಕೇಳಿದ್ದೆ.

“ಕಥೆಯಲ್ಲಿರೋರು ನನ್ ಹತ್ರ ಮಾತಾಡಲ್ಲ, ಯು ಪಾರ್ತಿ. ಇವರು ಮಾತಾಡ್ತಾರೆ,” ಎಂದಳು. ಅವಳಿಗಿಂತ ಎರಡು ವರ್ಷ ದೊಡ್ಡವಳಾದ ನಾನು ಅವಳಿಗೆ ಯು, ಅಂದರೆ ಅಕ್ಕ.

ಆಗ ಅವಳಿಗೆ ಐವತ್ಮೂರು. ಒಬ್ಬಂಟಿ. ಬೆಳಿಗ್ಗೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಲಿವೆತ್ ಅನ್ನ ಒಂದು ಪೊಟ್ಟಣ ತಂದು ಅರ್ಧ ಮಧ್ಯಾಹ್ನಕ್ಕೆ, ಅರ್ಧ ರಾತ್ರಿಗೆ ಇಟ್ಟುಕೊಳ್ಳುತ್ತಿದ್ದಳು. ಹಬ್ಬದ ದಿನ ದೂರದ ನೆಂಟರು ಬಂದು ಕಾಲು ಗಂಟೆ ಕೂತು, ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿ ಹೋಗುತ್ತಿದ್ದರು. ಊರಿನ ಒಂದು ಅಂಗಡಿಯೂ ತೆಗೆಯದ ಹಬ್ಬದ ಮರುದಿನ ಅವಳು ಬಾಗಿಲು ತೆಗೆದು ಕೂರುತ್ತಿದ್ದಳು. ಯಾರೂ ಬರುತ್ತಿರಲಿಲ್ಲ. ನನಗೆ ಕರುಳು ಚುರುಕ್ ಎನ್ನುತ್ತಿತ್ತು, ಬಾಯಲ್ಲಿ ಮಾತ್ರ “ನಿನಗೇನು ಹುಚ್ಚಾ” ಎಂದೇ ಬರುತ್ತಿತ್ತು. ನನ್ನ ಬಾಯಿಯೇ ಅಂಥದ್ದು.

ಯಾಕೆ ಮದುವೆಯಾಗಲಿಲ್ಲ ಎಂಬುದು ಗುಟ್ಟಲ್ಲ. ಇಪ್ಪತ್ತನಾಲ್ಕರಲ್ಲಿ ಅವಳನ್ನು ಕೇಳಿಕೊಂಡು ಒಬ್ಬರು ಬಂದಿದ್ದರು. ಹುಡುಗನ ಹೆಸರು ದಾರ್ಸೊನೊ, ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ಎರಡು ವರ್ಷ ದಿನಾ ಸಂಜೆ ಅವಳನ್ನು ಗಲ್ಲಿಯ ತಿರುವಿನವರೆಗೆ ತಂದು ಬಿಡುತ್ತಿದ್ದ. ನಮ್ಮಲ್ಲಿ ವಾರದ ಏಳು ದಿನಗಳ ಜೊತೆಗೆ ಸಂತೆಯ ಐದು ದಿನಗಳ ಲೆಕ್ಕವೂ ನಡೆಯುತ್ತದೆ. ಹುಟ್ಟಿದ ಸಂತೆದಿನ ನೋಡದೆ ಮದುವೆ ಮಾತು ಮುಂದಕ್ಕೆ ಹೋಗುವುದಿಲ್ಲ. ಅವನದು ಪಾಹಿಂಗ್, ಅವಳದು ವಾಗೆ. ಇವೆರಡು ಒಂದು ಸೂರಿನಡಿ ಸೇರಿದರೆ ಮನೆಯಲ್ಲಿ ಸಾವಾಗುತ್ತದೆ ಎನ್ನುತ್ತಾರೆ. ಮಾತು ಅಲ್ಲಿಗೇ ನಿಂತಿತು. ಅವನು ಸೆಮಾರಾಂಗಿಗೆ ಹೋಗಿ ಬೇರೆ ಮದುವೆಯಾದ.

ಆಮೇಲೆ ಇನ್ನೂ ಇಬ್ಬರು ಕೇಳಿ ಬಂದರು. “ನನ್ ಹಣೇಲಿ ಬರೆದಿದ್ದನ್ನ ಆಗಲೇ ಓದಿ ಆಯ್ತು,” ಎಂದು ಇಬ್ಬರನ್ನೂ ವಾಪಸು ಕಳಿಸಿದಳು. ಅವಳು ಅಳುತ್ತ ಕೂತವಳಲ್ಲ. ಅವಳಿಗೆ ಒಳಗೊಳಗೇ ಒಂದು ಹೆಮ್ಮೆಯಿತ್ತು: ಅವನಿಗೆ ನಾನು ಬೇಕಾಗಿದ್ದೆ, ದಿನ ಬಿಡಲಿಲ್ಲ. ಇಪ್ಪತ್ತೊಂಬತ್ತು ವರ್ಷ ಅವಳು ಒಬ್ಬಳೇ ಉಂಡು ಮಲಗಿದ್ದು ಈ ಒಂದು ಮಾತನ್ನು ನೆಚ್ಚಿಕೊಂಡು.

ಆ ವರ್ಷ ಹುಡುಗಿಯರೆಲ್ಲ ಒಂದೇ ಪುಸ್ತಕಕ್ಕೆ ಮುಗಿಬಿದ್ದರು. ‘ಪತಂಗದ ನಕ್ಷತ್ರ’ ಎಂದು ಹೆಸರು, ಮೂರು ಸಂಪುಟ. ಮೋಡದ ಮೇಲಿನ ಒಂದು ರಾಜ್ಯ. ಅಲ್ಲಿ ಹುಟ್ಟಿದ ದಿನ ನೋಡಿ ಮಗುವಿಗೆ ಒಂದು ನಕ್ಷತ್ರ ಕೊಡುತ್ತಾರೆ. ಅರುಣಿಕಾ ಎಂಬ ಹುಡುಗಿಯದು ಪತಂಗದ ನಕ್ಷತ್ರ, ರಾಜಕುಮಾರನದು ದೀಪದ ನಕ್ಷತ್ರ. ಕೂಡಿದರೆ ಅವಳು ಸುಟ್ಟುಹೋಗುತ್ತಾಳೆ. ಆದ್ದರಿಂದ ಮೂರು ಸಂಪುಟ ಕಣ್ಣೀರು, ಕೊನೆಗೆ ಅವಳು ಒಬ್ಬಳೇ ಸಮುದ್ರ ದಾಟಿ ಹೋಗುತ್ತಾಳೆ. ಇದೆಲ್ಲ ನನಗೆ ತಿಳಿದದ್ದು ಹಲಗೆಯ ಆಚೆಯಿಂದ ವುರ್ಯಾನಿ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಅಭಿಪ್ರಾಯಗಳಿಂದ.

“ಕೇಳು ಯು. ‘ನಾನು ಮೂರು ಸಲ ಅತ್ತೆ. ಇನ್ನೂರ ಹನ್ನೆರಡನೇ ಪುಟದ ಮೇಲಿರೋದು ನನ್ನ ಕಣ್ಣೀರು.’ ಅದರ ಕೆಳಗೆ ಇನ್ನೊಬ್ಬಳು, ‘ಸುಳ್ಳಿ, ಅದು ಚಾ.’”

“ಕಣ್ಣೀರು ಕಂದು ಬಣ್ಣಕ್ಕೆ ಇರುತ್ತಾ ಅಂತ ಕೇಳು ಅವಳನ್ನ.”

“‘ರಾಜಕುಮಾರನ ಹತ್ರ ಹಾರೋ ಕುದುರೆ ಇದೆ. ಆದ್ರೂ ಎರಡನೇ ಸಂಪುಟ ಪೂರ್ತಿ ನಡ್ಕೊಂಡೇ ಹೋಗ್ತಾನೆ. ದಡ್ಡ.’ ಆಮೇಲೆ ಇದು: ‘ಹಣೆಬರಹ ಬದಲಾಗಲ್ಲ ಅಂತ ಈ ಪುಸ್ತಕದಿಂದ ತಿಳೀತು. ಅದಕ್ಕೇ ನಾಳೆ ಗಣಿತ ಪರೀಕ್ಷೆಗೆ ನಾನು ಓದಲ್ಲ.’”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಮರುವಾರ ರೆಂಗಾನಿಸ್ ಎಂಬ ಹೈಸ್ಕೂಲಿನ ಹುಡುಗಿ ಮೂರನೇ ಸಂಪುಟ ವಾಪಸು ತಂದಳು. ಒಣಕಲು ಮೈ, ದಪ್ಪ ಕನ್ನಡಕ, ಯಾವುದನ್ನೂ ಸುಮ್ಮನೆ ಒಪ್ಪದ ಜಾತಿ. ಅವಳ ಅಭಿಪ್ರಾಯ ಅರ್ಧ ಹಾಳೆ ತುಂಬಿತ್ತು. ವುರ್ಯಾನಿ ಓದಲು ಶುರುಮಾಡಿದಳು: “‘ಈ ಪುಸ್ತಕದಲ್ಲಿ ದೊಡ್ಡ ತಪ್ಪಿದೆ. ಈ ರಾಜ್ಯದಲ್ಲೂ ನಮ್ಮ ಹಾಗೇ ಸೂರ್ಯ ಮುಳುಗಿದ ಕೂಡಲೇ ಮರುದಿನ ಶುರು. ಅರುಣಿಕಾ ಹುಟ್ಟಿದಾಗ ಅರಮನೆಯಲ್ಲಿ ದೀಪ ಹಚ್ಚಿ ಆಗಿತ್ತು ಅಂತ ಒಂಬತ್ತನೇ ಪುಟದಲ್ಲೇ ಇದೆ. ಹಾಗಾದರೆ ಅವಳು ಮರುದಿನದವಳು, ಅವಳದು ಪತಂಗದ ನಕ್ಷತ್ರವೇ ಅಲ್ಲ. ಮೂರು ಸಂಪುಟ ಎಲ್ಲರೂ ಅಳೋ ಬದಲು ಒಬ್ಬರಾದರೂ ಹುಟ್ಟಿದ್ದು ಎಷ್ಟು ಹೊತ್ತಿಗೆ ಅಂತ ಕೇಳಬಾರದಿತ್ತಾ?’”

ನಾನು ನಗುತ್ತಿದ್ದೆ. ಆ ಕಡೆಯಿಂದ ನಗು ಬರಲಿಲ್ಲ. ಎದ್ದು ಹೋಗಿ ನೋಡಿದರೆ ಅವಳು ಮೊದಲ ಸಂಪುಟದ ಒಂಬತ್ತನೇ ಪುಟ ತೆರೆದು ಕೂತಿದ್ದಳು.

“ಯು ಪಾರ್ತಿ, ನಾನು ಎಷ್ಟು ಹೊತ್ತಿಗೆ ಹುಟ್ಟಿದ್ದು?”

“ನನ್ನ ಕೇಳಿದ್ರೆ? ನಾನಾಗ ಎರಡು ವರ್ಷದ ಕೂಸು.”

“ಯಾರೂ ಕೇಳಲೇ ಇಲ್ಲ. ಜನನ ಪತ್ರದಲ್ಲಿ ಮಂಗಳವಾರ ಅಂತಿದೆ. ಆ ಮಂಗಳವಾರ ವಾಗೆ. ಅಷ್ಟೇ ನೋಡಿದ್ದು.” ಕಚೇರಿಯವರ ಮಂಗಳವಾರ ನಡುರಾತ್ರಿಯವರೆಗೆ ಮಂಗಳವಾರವೇ. ನಮ್ಮದು ಹಾಗಲ್ಲ. ಅವಳ ಅಪ್ಪ ಮಸೀದಿಯಲ್ಲಿ ಬಾಂಗು ಹೇಳುತ್ತಿದ್ದವರು, ಸಂತೆದಿನದ ಪೂಜೆ ಊಟ ಇದಾವುದನ್ನೂ ಮನೆಗೆ ಸೇರಿಸಿದವರಲ್ಲ. ಹಾಗಾಗಿ ಮದುವೆ ಮಾತು ಬರುವವರೆಗೆ ಅವಳ ದಿನ ಯಾವುದೆಂದು ಯಾರೂ ಎಣಿಸಿರಲಿಲ್ಲ.

ಅವಳ ಅಪ್ಪ ಮದುವೆ ಮಾತಿಗೆ ಮೊದಲೇ ತೀರಿಕೊಂಡಿದ್ದರು, ಅಮ್ಮ ಹೋಗಿ ಹನ್ನೆರಡು ವರ್ಷವಾಗಿತ್ತು. ಉಳಿದಿದ್ದವಳು ಸೂಲಗಿತ್ತಿ, ಮ್ಬಾ ಗಿಯೆಮ್. ತೊಂಬತ್ತರ ಹತ್ತಿರದ ಅಜ್ಜಿ, ಕೇರಿಯ ಅರ್ಧ ಜನ ಅವಳ ಕೈಮೇಲೆ ಬಿದ್ದವರು. ನಾವಿಬ್ಬರೂ ಹೋದಾಗ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದಳು. ವುರ್ಯಾನಿಯ ಗಲ್ಲ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು.

“ಬಾಂಗಿನ ಮಗಳು! ಮರೆಯೋಕಾಗುತ್ತಾ? ನಿಮ್ಮಪ್ಪ ಸಂಜೆ ನಮಾಜು ಮುಗಿಸಿ ಬಂದು ಕಾಲು ತೊಳೀತಿದ್ದ. ಹೆಣ್ಣು ಬಂತಪ್ಪಾ, ಬಂದು ಕಿವೀಲಿ ಬಾಂಗ್ ಹೇಳು ಅಂತ ಒಳಗಿಂದ ಕೂಗಿದೆ. ‘ಈಗ ತಾನೆ ಊರಿಗೆಲ್ಲ ಹೇಳಿ ಬಂದೆ, ಇವಳು ಕೇಳಿಸ್ಕೊಳ್ಲಿಲ್ವಾ’ ಅಂತ ನಕ್ಕ.”

ಸಂಜೆ ನಮಾಜು ಮುಗಿದ ಮೇಲೆ. ಅಂದರೆ ಬುಧವಾರ, ವಾಗೆಯ ಮರುದಿನ ಬರುವ ಕ್ಲಿವೊನ್. ಕ್ಲಿವೊನ್ ಹುಡುಗಿಗೂ ಪಾಹಿಂಗ್ ಹುಡುಗನಿಗೂ ಯಾವ ಅಡ್ಡಿಯೂ ಇಲ್ಲ.

ದಾರಿಯಲ್ಲಿ ಅವಳ ಮುಖ ನೋಡಬೇಕಿತ್ತು. ಅಳುತ್ತಿದ್ದಳು, ನಗುತ್ತಿದ್ದಳು. “ತಪ್ಪು ಲೆಕ್ಕ, ಯು! ಬರೀ ತಪ್ಪು ಲೆಕ್ಕ!” ಇಪ್ಪತ್ತೊಂಬತ್ತು ವರ್ಷವನ್ನು ಒಂದು ಕಾಗದ ತಿಂದುಹಾಕಿತು ಎಂದು ನನಗೆ ಮೈಯೆಲ್ಲ ಉರಿಯಿತು. ಅವಳೋ ಅಲ್ಲಿಗೇ ಬಿಡುತ್ತಿದ್ದಳು. “ಇನ್ನೇನು ಮಾಡೋದಿದೆ, ಅವನಿಗೆ ಮೊಮ್ಮಕ್ಕಳಾಗಿವೆ” ಎಂದಳು. ನಾನು ಬಿಡಲಿಲ್ಲ. “ಮೊಮ್ಮಕ್ಕಳಿದ್ರೆ ಇರ್ಲಿ. ದಿನ ಬಿಡಲಿಲ್ಲ ಅಂತ ಅವನೂ ಕೊರಗಿರ್ತಾನೆ. ಅವನಿಗೂ ಗೊತ್ತಾಗ್ಬೇಡ್ವಾ? ಅವನಕ್ಕ ಇಲ್ಲೇ ದೊಡ್ಡ ಸಂತೆ ಹಿಂದೆ ಇದ್ದಾಳೆ. ನಡಿ!” ಎಂದು ಹೊರಡಿಸಿದೆ. ಆ ದಿನ ನನ್ನ ನಾಲಿಗೆ ಬಿದ್ದು ಹೋಗಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ನಾವು ಬು, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ ದಾರ್ಸೊನೊನ ಅಕ್ಕ ಕುಸ್ಮಿರಾ ನಮ್ಮನ್ನು ಆದರದಿಂದಲೇ ಕೂರಿಸಿದಳು. ಸಕ್ಕರೆ ಸುರಿದ ಚಾ ಬಂತು, ಬಾಳೆಹಣ್ಣಿನ ಬಜ್ಜಿ ಬಂತು. ವುರ್ಯಾನಿ ಸೂಲಗಿತ್ತಿ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಬು ಕುಸ್ಮಿರಾ ಲೋಟವನ್ನು ಅವಳ ಕಡೆಗೆ ಸರಿಸಿದಳು.

“ಚಾ ಆರುತ್ತೆ, ದಿಕ್ ವುರಿ. ಕುಡಿ,” ಎಂದಳು. ದಿಕ್ ಎಂದರೆ ತಂಗಿ.

“ಆಮೇಲೆ ಕುಡೀತೀನಿ ಬು. ತಪ್ಪು ಲೆಕ್ಕ ಅಂತ ನಿಮಗೂ ಗೊತ್ತಾಗ್ಲಿ ಅಂತ ಬಂದೆ.”

“ನಮಗೆ ಆವಾಗ್ಲೇ ಗೊತ್ತಿತ್ತು,” ಎಂದಳು ಬು ಕುಸ್ಮಿರಾ. “ನಿಮ್ಮಮ್ಮ ಬಂದಿದ್ರು. ಎರಡು ಸಲ. ಇದೇ ಜಗಲಿ ಮೇಲೆ ಕೂತು, ಸಂಜೆ ಬಾಂಗ್ ಆದ್ಮೇಲೆ ಹುಟ್ಟಿದ್ದು, ಅವಳು ಕ್ಲಿವೊನ್, ಬೇಕಾದ್ರೆ ಸೂಲಗಿತ್ತೀನೇ ಕರ್ಕೊಂಡು ಬರ್ತೀನಿ ಅಂದ್ರು. ನಮ್ಮಪ್ಪ ಕೇಳಲಿಲ್ಲ. ಕಾಗದದಲ್ಲಿ ಮಂಗಳವಾರ ಇದೆ ಅಂತ ಅಂದ್ಬಿಟ್ರು.”

“ಯಾಕೆ?” ಎಂದವಳು ನಾನು.

“ದಾರ್ಸೊನೊಗೆ ಮನಸ್ಸಿರ್ಲಿಲ್ಲ. ಸೆಮಾರಾಂಗ್ ಹುಡುಗಿ ಮೇಲೆ ಮನಸ್ಸಾಗಿತ್ತು, ಅವನೇ ಅಪ್ಪಂಗೆ ಹೇಳಿದ್ದ. ಮನೆಗೆ ಹೋಗಿ ಕೇಳಿ ಆಗಿತ್ತು, ಈಗ ಬೇಡ ಅನ್ನೋಕೆ ಬಾಯಿ ಬರುತ್ತಾ? ದಿನ ಕೂಡಲ್ಲ ಅಂದ್ರೆ ಯಾರಿಗೂ ಅವಮಾನ ಇಲ್ಲ. ಎಲ್ಲರೂ ಹಾಗೇ ಅಲ್ವಾ ಮಾಡೋದು. ನಿನಗೆ ನೋವಾಗ್ಬಾರ್ದು ಅಂತಾನೇ ಮಾಡಿದ್ದು, ದಿಕ್.”

ಆ ಚಾವನ್ನು ಅವಳ ಮುಖಕ್ಕೆ ಎರಚಬೇಕು ಎನಿಸಿತು. ಆದರೆ ಅವಳು ಹೇಳಿದ್ದು ನಿಜ, ನಾವೆಲ್ಲ ಹಾಗೇ ಮಾಡುತ್ತೇವೆ. ನನ್ನ ತಂಗಿಗೆ ಬಂದಿದ್ದ ಒಬ್ಬನನ್ನು ನಾನೇ ಹಾಗೆ ಸಾಗಹಾಕಿದ್ದೇನೆ. ವುರ್ಯಾನಿ ಲೋಟ ಎತ್ತಿ ಪೂರ್ತಿ ಕುಡಿದು, “ಚಾ ಚೆನ್ನಾಗಿತ್ತು ಬು” ಎಂದು ಎದ್ದಳು.

ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಅವಳು ನನ್ನ ಸ್ಕೂಟರಿನ ಹಿಂದೆ ಕೂತಿದ್ದಳು. ದಾರ್ಸೊನೊಗೆ ನಾಲ್ಕು ಬೈದು ಅವಳ ಮನಸ್ಸು ಹಗುರ ಮಾಡೋಣ ಎಂದು ಬಾಯಿ ತೆಗೆದೆ. ಅವಳು ಅವನ ಮಾತೇ ಎತ್ತಲಿಲ್ಲ.

“ಅಮ್ಮ ಮೊದಲ್ನೇ ಸಲ ಹೋಗಿದ್ದು ಸರಿ, ಯು. ಅವಳಿಗೆ ಗೊತ್ತಿರ್ಲಿಲ್ಲ. ಎರಡನೇ ಸಲ ಗೊತ್ತಿತ್ತಲ್ಲ. ಬೇಡ ಅಂತಾರೆ ಅಂತ ಗೊತ್ತಿದ್ದೂ ಹೋದ್ಲಲ್ಲ.”

ರೈಲು ಹೋಯಿತು. ಗೇಟು ಏಳಲಿಲ್ಲ, ಇನ್ನೊಂದು ರೈಲು ಬರುವುದಿತ್ತು.

“ಮನೆಗೆ ಬಂದು ನನ್ ಹತ್ರ, ‘ದಿನ ಕೂಡಲಿಲ್ಲ ಕಣೇ, ನೀನು ವಾಗೆ’ ಅಂದ್ಲು. ನಾನೇನಂದೆ ಗೊತ್ತಾ? ‘ಇನ್ನೊಂದು ದಿನ ತಡ್ಕೊಂಡು ಹೆರೋಕಾಗಲಿಲ್ವಾ ನಿನಗೆ’ ಅಂದೆ. ಸುಮ್ನೆ ಕೇಳಿಸ್ಕೊಂಡ್ಲು. ಆಮೇಲೆ ಹದಿನೇಳು ವರ್ಷ ಬದುಕಿದ್ಲು, ಯು. ಒಂದೇ ಮನೇಲಿ. ನಾನು ಅವಳ ಜೊತೆ ಸರಿಯಾಗಿ ಮಾತಾಡ್ಲಿಲ್ಲ.”

ಹಿಂದಿನಿಂದ ಲಾರಿಯವನು ಹಾರನ್ನು ಒತ್ತಿದಾಗಲೇ ಗೇಟು ಎದ್ದದ್ದು ನನಗೆ ಕಂಡದ್ದು.

ಮೂರು ದಿನ ಅವಳ ಅಂಗಡಿ ತೆಗೆಯಲಿಲ್ಲ. ನಾನು ಗಂಜಿ ಒಯ್ದೆ, ಬಾಗಿಲು ತೆರೆದು ತೆಗೆದುಕೊಂಡಳು, ಒಳಗೆ ಕರೆಯಲಿಲ್ಲ. ಹಣೆಬರಹ ಎಂದುಕೊಂಡು ಒಂಟಿಯಾಗಿರುವುದು ಬೇರೆ, ಬೇಡವಾಗಿ ಒಂಟಿಯಾದೆ ಎಂದು ತಿಳಿದು ಇರುವುದು ಬೇರೆ. ಅವಳ ಕೈಯಲ್ಲಿದ್ದ ಆ ಮೊದಲನೆಯದನ್ನು ಕಿತ್ತುಕೊಂಡವಳು ನಾನು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಾಲ್ಕನೇ ದಿನ ಬಾಗಿಲು ತೆಗೆಯಿತು. ರೆಂಗಾನಿಸ್ ಓಡಿ ಬಂದು, “ಬುಲಿಕ್, ನನ್ನ ಅಭಿಪ್ರಾಯಕ್ಕೆ ಉತ್ತರ ಬರೆದ್ರಾ?” ಎಂದಳು. ಹುಡುಗಿಯರಿಗೆಲ್ಲ ಅವಳು ಬುಲಿಕ್, ಚಿಕ್ಕಮ್ಮ. ವುರ್ಯಾನಿ ಪುಸ್ತಕವನ್ನು ಅವಳ ಕೈಗೆ ಕೊಟ್ಟಳು. ಪೆನ್ಸಿಲಿನಲ್ಲಿ ಬರೆದಿತ್ತು: ‘ಲೇಖಕಿ ತಪ್ಪು ಮಾಡಿಲ್ಲ. ಅವಳು ಹುಟ್ಟಿದ್ದು ಎಷ್ಟು ಹೊತ್ತಿಗೆ ಅಂತ ರಾಜಕುಮಾರನಿಗೆ ಗೊತ್ತಿತ್ತು.’

ಅದು ಗಲ್ಲಿಯಲ್ಲಿ ಎಬ್ಬಿಸಿದ ಗಲಾಟೆ ಅಷ್ಟಿಷ್ಟಲ್ಲ. ಒಂದು ವಾರದಲ್ಲಿ ಹಾಳೆ ತುಂಬಿ ಎರಡನೆಯದು ಅಂಟಿಸಬೇಕಾಯಿತು. ‘ಸುಳ್ಳು! ಅವನು ಅವಳಿಗೋಸ್ಕರ ಹಿಮದಲ್ಲಿ ಮಲಗಿದ್ದ.’ ‘ಬುಲಿಕ್ ಪುಸ್ತಕ ಓದೇ ಇಲ್ಲ.’ ‘ಅದಕ್ಕೇ ಹಾರೋ ಕುದುರೆ ಇದ್ರೂ ನಡ್ಕೊಂಡು ಹೋದ, ಬೇಗ ತಲುಪೋಕೆ ಇಷ್ಟ ಇರ್ಲಿಲ್ಲ!’ ಎಂದು ಒಬ್ಬಳು ಜಾಣೆ. ಕೊನೆಗೆ ರೆಂಗಾನಿಸ್ ಬರೆದಳು: ‘ಬುಲಿಕ್ ಹೇಳಿದ್ದು ನಿಜ ಆದರೆ, ಅರುಣಿಕಾ ಮೇಲೆ ಪ್ರೀತಿ ಇದ್ದದ್ದು ಯಾರಿಗೆ? ಇಷ್ಟು ದಪ್ಪ ಪುಸ್ತಕದಲ್ಲಿ ಯಾರಿಗೂ ಇರಲಿಲ್ವಾ?’

ಆ ಪ್ರಶ್ನೆ ಎರಡು ದಿನ ಹಾಗೇ ಇತ್ತು. ಮೂರನೇ ದಿನ ಮಧ್ಯಾಹ್ನ ಅವಳು ಶೌಚಕ್ಕೆಂದು ಎದ್ದು ಹೋದಾಗ ನಾನು ಕಳ್ಳಿಯ ಹಾಗೆ ಹೋಗಿ ಹಾಳೆ ತಿರುಗಿಸಿದೆ. ಪೆನ್ಸಿಲಿನಲ್ಲಿ, ಒತ್ತಿ ಒತ್ತಿ ಬರೆದಿದ್ದಳು:

‘ಅವಳಮ್ಮನಿಗಿತ್ತು. ಅರುಣಿಕಾ ಕೇಳಲೇ ಇಲ್ಲ.’