ಪ್ಯಾನೆಲ್ಲಿಗೆ ಹೊಲಿದ ಗವಸು

ನನ್ನ ತಂಗಿಯ ಗಂಡ ದರ್ಜಿ. ಬೀದಿಯವರೆಲ್ಲ ಅವನನ್ನು ಗವಸು ಮಾಸ್ಟರ್ ಅಂತಲೇ ಕರೆಯುವುದು. ರೇಡಿಯೋಗೊಂದು ಗವಸು, ಮಿಕ್ಸಿಗೊಂದು, ಕತ್ತರಿಗೊಂದು. ಅವನ ಮನೆಯಲ್ಲೇ ಒಂದು ಕೋಣೆಯಲ್ಲಿರುವ ನಾನು ಹೆಚ್ಚು ಹೊತ್ತು ಅಲ್ಲಾಡದೆ ಕೂರುವುದಿಲ್ಲ, ಅಳತೆ ತೆಗೆದುಬಿಟ್ಟಾನು.

ಆ ವರ್ಷ ಕರೆಂಟು ಹೇಗಿತ್ತೆಂದರೆ, ಬಂದಾಗ ಜನ ಗಾಬರಿಯಿಂದ ಹೊರಗೋಡಿ ಏನಾಯಿತೆಂದು ವಿಚಾರಿಸುತ್ತಿದ್ದರು. ಮಂಡಿನೋವಿನಿಂದ ತುಳಿಯುವುದನ್ನು ಬಿಟ್ಟ ಮಾಸ್ಟರ್ ಹೊಲಿಗೆಯಂತ್ರಕ್ಕೆ ಮೋಟಾರು ಹಾಕಿಸಿಕೊಂಡಿದ್ದ. ಶಾಲೆ ತೆರೆಯುವುದರೊಳಗೆ ಮಕ್ಕಳ ಯೂನಿಫಾರಂ ಕೊಡದಿದ್ದರೆ ಆ ಕೆಲಸ ಎದುರಿನ ರೆಡಿಮೇಡ್ ಅಂಗಡಿಯ ಪಾಲು. ಅದಕ್ಕೇ ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದ, ಕೆಳಗೆ ಬ್ಯಾಟರಿ ಇಡಿಸಿದ. ಮೊದಮೊದಲು ಯಂತ್ರ ಕುದುರೆಯಂತೆ ಓಡಿತು. ಆಮೇಲಾಮೇಲೆ ಮಧ್ಯಾಹ್ನಕ್ಕೇ ಮುಗ್ಗರಿಸತೊಡಗಿತು.

“ಕರೆಂಟು ಎಲ್ಲಿಗೆ ಹೋಗ್ತಿದೆ ಭಾವ?” ಅವನಿಗೆ ಅದೇ ಧ್ಯಾನ. ಬ್ಯಾಟರಿಯ ಮೀಟರಿನ ಮುಂದೆ ಕೂತು ಒಂದೊಂದೇ ಸ್ವಿಚ್ಚು ಹಾಕಿ, ಆರಿಸಿ ನೋಡಿದ. ಫ್ಯಾನು ನಿಂತಿತು, ಟೀವಿ ಕಣ್ಣು ಮುಚ್ಚಿತು. ಇಸ್ತ್ರಿಪೆಟ್ಟಿಗೆ ಹಚ್ಚಿದೊಡನೆ ಮೀಟರಿನ ಮುಳ್ಳು ಬಾವಿಗೆ ಬಿದ್ದ ಬಿಂದಿಗೆಯಾಯಿತು. ಪೆಟ್ಟಿಗೆಯನ್ನು ಕಪಾಟಿಗೆ ಹಾಕಿ ಬೀಗ ಜಡಿದ. ಕಡೆಗೆ ನನ್ನ ಮೊಬೈಲ್ ಚಾರ್ಜರನ್ನೂ ಕಿತ್ತ.

“ಅಷ್ಟು ಹೊತ್ತು ಯಾರ ಹತ್ರ ಮಾತಾಡ್ತೀರಿ ನೀವು?”

“ಯಾರೂ ಎತ್ತಲ್ಲ. ಅದಕ್ಕೇ ಹೊತ್ತು ಹಿಡಿಯುತ್ತೆ.”

ಇಷ್ಟಾದರೂ ಬ್ಯಾಟರಿ ತುಂಬಲಿಲ್ಲ. ಬಟ್ಟೆ ಒಣಹಾಕಲು ತಾರಸಿಗೆ ಹೋದ ತಂಗಿ ಅಲ್ಲಿಂದಲೇ ಕೂಗಿದಳು: “ರೀ, ಪ್ಯಾನೆಲ್ಲಿಗೆ ಇದೇನು ಹೊದಿಸಿದ್ದೀರಿ?”

“ಗವಸು. ಧೂಳು ಕೂರಬಾರದಲ್ಲ? ತೆಳು ಬಟ್ಟೆ ಕಣೇ, ಬೆಳಕು ಬರುತ್ತೆ.”

“ಹಾಗಿದ್ರೆ ಅದೇ ಬಟ್ಟೆಯ ಚೂರೊಂದನ್ನು ಮುಖಕ್ಕೆ ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿ, ನೋಡೋಣ.”

ಕುತೂಹಲದ ಮನುಷ್ಯ, ನಿಜವಾಗಿಯೂ ಪೋಣಿಸಲು ಕೂತ. ಬೆರಳು ಚುಚ್ಚಿಸಿಕೊಂಡ ಮೇಲೆ ಎದ್ದು ಹೋಗಿ ಪ್ಯಾನೆಲ್ಲಿನ ಗವಸು ತೆಗೆದ. ಮೀಟರಿನ ಮುಳ್ಳು ಮೇಲೆದ್ದಿತು.

ಅಲ್ಲಿಂದ ಬಿಸಿಲಿರುವಾಗ ಮೋಟಾರು, ಬಿಸಿಲಿಳಿದರೆ ಬ್ಯಾಟರಿ ಉಳಿಸಲು ಕಿಟಕಿಯ ಬಳಿ ಕೈಯಲ್ಲೇ ಗುಂಡಿ, ಕಾಜ. ಹೊಲಿಗೆ ಮುಗಿಯಿತು. ಆದರೆ ಲಂಗಗಳ ನೆರಿಗೆಗೆ ಇಸ್ತ್ರಿ? ಪೆಟ್ಟಿಗೆ ಹೊರಗೆ ತೆಗೆದರೆ ಬ್ಯಾಟರಿ ಬರಿದು. ಮಾಸ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಭಾವ, ಊಟ ಆಯ್ತಲ್ಲ. ಸ್ವಲ್ಪ ಮಲಗಿ.”

ನೀರು ಚಿಮುಕಿಸಿ ಮಡಿಸಿದ ಲಂಗಗಳನ್ನು ಹಾಸಿಗೆಯಡಿ ಹರಡಿ, ನನ್ನನ್ನು ಮೇಲೆ ಕೆಡವಿದ. “ಮಗ್ಗುಲು ಬದಲಿಸಬೇಡಿ, ನೆರಿಗೆ ಎರಡಾಗುತ್ತೆ.” ಜನ್ಮವಿಡೀ ಸೋಮಾರಿ ಅನ್ನಿಸಿಕೊಂಡ ನಾನು ಆ ವಾರ ಮಲಗಿ ಮಲಗಿ ಹೈರಾಣಾದೆ.

ಶಾಲೆ ತೆರೆಯುವ ಹಿಂದಿನ ದಿನ ಗಂಟು ಹೊತ್ತುಕೊಂಡು ಇಬ್ಬರೂ ಹೋದೆವು. ಮುಖ್ಯೋಪಾಧ್ಯಾಯಿನಿ ನೆರಿಗೆಯ ಮೇಲೆ ಬೆರಳಾಡಿಸಿದರು. “ಕರೆಂಟೇ ಇಲ್ಲ, ಇಸ್ತ್ರಿ ಹೇಗೆ ಮಾಡಿಸಿದ್ರಿ?”

“ಮನೇಲೇ ವ್ಯವಸ್ಥೆ ಇದೆ ಮೇಡಂ. ಕರೆಂಟು ಬೇಡ, ಊಟ ಹಾಕಿದ್ರೆ ಸಾಕು.”

ಅವರಿಗೆ ಏನರ್ಥವಾಯಿತೋ, ಮುಂದಿನ ವರ್ಷದ್ದನ್ನೂ ನೀವೇ ಹೊಲಿಯಿರಿ ಎಂದರು. ಗೇಟು ದಾಟಿದ ಮೇಲೆ ಮಾಸ್ಟರ್ ನನ್ನ ಹೊಟ್ಟೆಯನ್ನೇ ನೋಡುತ್ತ ಬಂದ.

“ಭಾವ, ಅಷ್ಟರೊಳಗೆ ಇನ್ನೊಂಚೂರು ದಪ್ಪ ಆಗಿ.”