ಗಾರೆ ತೊಟ್ಟಿಯಲ್ಲಿ ದೋಣಿ ಮೋಟಾರು

ಮೈಸೂರು ಮಹಾರಾಜರ ಬೆಳ್ಳಿಹಬ್ಬ ನಡೆದ ಮರುವರ್ಷದ ಬೇಸಿಗೆ. ನನಗೆ ಆಗ ಇಪ್ಪತ್ತೆಂಟು. ಅಜ್ಜಂಪುರದ ರೈಲ್ವೆ ಸ್ಟೇಷನ್ನಿನ ಎದುರಿಗೆ ಹಳೇ ಯಂತ್ರಗಳ ಅಂಗಡಿ ಇಟ್ಟುಕೊಂಡಿದ್ದೆ. ಹೊಲಿಗೆ ಯಂತ್ರವೋ, ಕಬ್ಬಿನ ಗಾಣವೋ, ನೀರೆತ್ತುವ ಪಂಪೋ, ಕೆಟ್ಟು ಮೂಲೆ ಸೇರಿದ್ದನ್ನು ಕಮ್ಮಿ ಬೆಲೆಗೆ ಹಿಡಿದು ಸರಿಮಾಡಿಸಿ ಮಾರುವುದು ನನ್ನ ಕಸುಬು. ತಂದೆ ತಾಯಿ ಚಿಕ್ಕಂದಿನಲ್ಲೇ ಹೋಗಿದ್ದರು. ಸಂತೆಯಲ್ಲಿ ಮೂಟೆ ಹೊತ್ತು ಮೇಲೆ ಬಂದವನು ನಾನು. ಮದುವೆಯೂ ಆಗಿರಲಿಲ್ಲ. ಒಬ್ಬನೇ ಇರುವುದು ವ್ಯಾಪಾರಕ್ಕೆ ಅನುಕೂಲ ಎಂದೇ ಆಗ ತಿಳಿದಿದ್ದೆ.

ತರೀಕೆರೆಯ ಆಚೆ, ಬೆಟ್ಟದ ಬುಡದ ಕೆರೆಯೊಂದರ ದಡದಲ್ಲಿ ಬಿಳಿಯ ದೊರೆಯೊಬ್ಬನ ಬಂಗಲೆಯಿತ್ತು. ಅವನು ಕಾಫಿ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ಸಾಮಾನೆಲ್ಲ ಹರಾಜಿಗೆ ಬಂತು. ದೋಣಿಯನ್ನು ಅದರ ಮರಕ್ಕಾಗಿ ಯಾರೋ ಕೊಂಡರು. ದೋಣಿಯ ಹಿಂಬದಿಗೆ ಕಚ್ಚಿಸುವ ಮೋಟಾರನ್ನು ಮಾತ್ರ ಯಾರೂ ಕೇಳಲಿಲ್ಲ. ನಾನು ಕೇಳಿದಾಗ ಯಗಟಿಯಿಂದ ಬಂದಿದ್ದ ಗೌಡರೊಬ್ಬರು, “ಏನ್ ಸಾವ್ಕಾರ್ರೆ, ನಮ್ ರಾಗಿ ಹೊಲದಾಗೆ ದೋಣಿ ಬುಡ್ತೀರಾ?” ಎಂದರು. ಎಲ್ಲರೂ ನಕ್ಕರು. ಹರಾಜಿನಲ್ಲಿ ಜನ ನಗುವುದು ಒಳ್ಳೆಯದು, ನಗುವವರು ಸವಾಲು ಏರಿಸುವುದಿಲ್ಲ. ಮೋಟಾರು ನನಗೇ ಬಂತು. ಅಗ್ಗವೆಂದರೂ ನನ್ನ ಬಂಡವಾಳವೆಲ್ಲ ಅದರಲ್ಲಿ ಸಿಕ್ಕಿಕೊಂಡಿತು.

ಹರಿಹರದ ಕಡೆ ಹೊಳೆ ದಾಟಿಸುವ ಗುತ್ತಿಗೆದಾರರೊಬ್ಬರು ನನಗೆ ಗೊತ್ತಿದ್ದರು. ಕಾಗದ ಬರೆದೆ. “ಸೋಮವಾರ ಅಜ್ಜಂಪುರಕ್ಕೆ ಬರುತ್ತೇನೆ. ಕಣ್ಣೆದುರಿಗೆ ಓಡಿಸಿ ತೋರಿಸಿದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ” ಎಂದು ಉತ್ತರ ಬಂತು. ಅದನ್ನು ಓಡಿಸುವುದು ಹೇಗೆಂದು ನನಗೆ ತಿಳಿಯದು. ತಿಳಿದವನು ಒಬ್ಬನೇ, ದೊರೆಯ ದೋಣಿ ನಡೆಸುತ್ತಿದ್ದ ಹನುಮಯ್ಯ. ಬೆಸ್ತರ ಮುದುಕ, ಹಿಂದೆ ಮುಂದೆ ಯಾರೂ ಇಲ್ಲ. ಹೊಸ ಮಾಲೀಕರು ಬರುವವರೆಗೆ ಆ ಬರಿದು ಬಂಗಲೆಯನ್ನು ಕಾಯುತ್ತ ಹಿತ್ತಲಿನ ಕೋಣೆಯಲ್ಲಿದ್ದ. ನನ್ನ ಮೋಟಾರೂ ಇನ್ನೂ ಅಲ್ಲೇ ಇತ್ತು. ಗುರುವಾರ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋದೆ.

“ಇಟ್ಟಲ್ಲೇ ಓಡ್ಸಕ್ಕಾಗಲ್ಲ ಸಾವ್ಕಾರ್ರೆ” ಎಂದ ಹನುಮಯ್ಯ. “ಇದು ನೀರು ಕುಡೀಬೇಕು. ಕುಡಿದು, ಮೈ ತಣ್ಣಗೆ ಮಾಡ್ಕಂಡು, ಇಗಾ ಈ ತೂತಲ್ಲಿ ಉಗೀಬೇಕು. ನೆಲದ ಮ್ಯಾಲೆ ಓಡ್ಸಬೇಕಂದ್ರೆ ಪೀಪಾಯಿ ತುಂಬ ನೀರಿರಬೇಕು.”

“ಸರಿ, ಪೀಪಾಯಿ ತಾ, ತುಂಬೋಣ.”

“ಒಣಗಿ ಬಿರುಕು ಬಿಟ್ಟೈತೆ. ಮರ ನೀರು ಕುಡಿದು ಉಬ್ಬಬೇಕು. ಎಲ್ಡು ದಿನ ಆಯ್ತದೆ. ಕೂತ್ಕಳಿ.”

ಮರದ ಪೀಪಾಯಿ ಉಬ್ಬಬೇಕಾದ್ದು ನಿಜ, ಅದಕ್ಕೆ ಎದುರಾಡುವಂತಿರಲಿಲ್ಲ. ಆ ದಿನವೆಲ್ಲ ಹನುಮಯ್ಯ ಒಂದು ಬಟ್ಟೆ ಹಿಡಿದು ಮೋಟಾರು ಒರೆಸಿದ. ಒರೆಸಿದ್ದನ್ನೇ ಒರೆಸುತ್ತ, ದೊರೆ ಬಾತುಕೋಳಿ ಹೊಡೆಯುತ್ತಿದ್ದುದು, ಒಮ್ಮೆ ನಡುಕೆರೆಯಲ್ಲಿ ಪೆಟ್ರೋಲು ಮುಗಿದು ಇಬ್ಬರೂ ಹುಟ್ಟು ಹಾಕಿದ್ದು, ಎಲ್ಲ ಹೇಳಿದ. ನಾನು ಹ್ಞೂಂ ಎಂದೆನೇ ಹೊರತು ಕೇಳಿಸಿಕೊಳ್ಳಲಿಲ್ಲ. ಆ ಕಾಲದ ರಿವಾಜಿನಂತೆ ಅವನ ಕೈಯಡಿಗೆ ನಾನು ಉಣ್ಣುವ ಹಾಗಿರಲಿಲ್ಲ. ನಾನು ಜಗುಲಿಯಲ್ಲಿ ರೊಟ್ಟಿ ಬಿಚ್ಚಿದೆ. ಅವನು ಮೆಟ್ಟಿಲ ಕೆಳಗೆ ಮುದ್ದೆ ಇಟ್ಟುಕೊಂಡು ಕೂತ. ನನ್ನ ಕಡೆಗೆ ಮುಖ ಮಾಡಿಕೊಂಡೇ ಕೂತ.

ಶುಕ್ರವಾರವೂ ಹಾಗೇ ಹೋಯಿತು. ದೊರೆ ಬಿಟ್ಟುಹೋಗಿದ್ದ ಡಬ್ಬಿಯ ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ತೋರಿಸಿದ, ಹಗ್ಗ ಸುತ್ತುವುದನ್ನು ತೋರಿಸಿದ, ಅಷ್ಟಕ್ಕೇ ನಿಲ್ಲಿಸಿದ. ಮುದುಕ ಇನಾಮಿಗೆ ಕಾಯುತ್ತಿದ್ದಾನೆ ಎಂದುಕೊಂಡೆ.

“ಹನುಮಯ್ಯ, ನಿನಗೆ ಏನು ಬೇಕೋ ಬಾಯಿಬಿಟ್ಟು ಹೇಳು. ಇವತ್ತೇ ಮುಗಿಸು.”

“ದುಡ್ಡು ಯಾಕ್ ಸಾವ್ಕಾರ್ರೆ? ನಾಳೀಕೂ ನೀವು ಇದ್ರೆ ಆಯ್ತು” ಎಂದ.

ಬೆಲೆ ಹೇಳದ ಮನುಷ್ಯನ ಜೊತೆ ಚೌಕಾಸಿ ಮಾಡುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ಹನುಮಯ್ಯ ಸೌದೆ ತರಲು ಹೋದಾಗ, ಹಗ್ಗ ಸುತ್ತುವುದು ಕಲಿತ ಮೇಲೆ ಇನ್ನೇನು ಉಳಿದಿದೆ, ಒಂದು ಗಳಿಗೆ ನೀರಿಲ್ಲದೆ ಓಡಿದರೆ ಗಂಟೇನು ಹೋಗುತ್ತದೆ ಎಂದುಕೊಂಡೆ. ಜಗುಲಿಯ ಅಂಚಿಗಿದ್ದ ಮರದ ಕಟಾಂಜನಕ್ಕೆ ಮೋಟಾರನ್ನು ಕಚ್ಚಿಸಿ, ತಿರುಪು ಬಿಗಿದು, ಹಗ್ಗ ಎಳೆದೆ. ನಾಲ್ಕನೆಯ ಸಲಕ್ಕೆ ಹತ್ತಿಕೊಂಡಿತು.

ಆ ಸದ್ದಿಗೆ ಬರಿದು ಬಂಗಲೆಯೆಲ್ಲ ಅದುರಿತು. ನನಗೋ ಸಂತೋಷವೇ ಸಂತೋಷ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು, ಗಂಟಲು ಕಟ್ಟಿದವರ ಹಾಗೆ. ಕಬ್ಬಿಣ ಕಾದ ವಾಸನೆ ಬಂತು. ನಿಲ್ಲಿಸೋಣವೆಂದರೆ ನಿಲ್ಲಿಸುವುದು ಹೇಗೆಂದು ಹನುಮಯ್ಯ ಇನ್ನೂ ಹೇಳಿಕೊಟ್ಟಿರಲಿಲ್ಲ! ನೀರಿನಲ್ಲಿ ತಿರುಗಬೇಕಾದ ಕಬ್ಬಿಣದ ರೆಕ್ಕೆಗಳು ಬರೀ ಗಾಳಿಯಲ್ಲಿ, ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿದ್ದವು. ತಡಕಾಡುತ್ತ ಬಗ್ಗಿದೆ. ಪಂಚೆಯ ಚುಂಗು ಹಾರಿ ರೆಕ್ಕೆಗೆ ಸಿಕ್ಕಿತು. ಸೆಳೆದ ರಭಸಕ್ಕೆ ಮಂಡಿಯೂರಿ ಬಿದ್ದೆ. ರೆಕ್ಕೆಗೂ ನನ್ನ ಮೊಣಕಾಲಿಗೂ ಗೇಣು ಅಂತರ.

“ಕೈ ಚಾಚಬ್ಯಾಡಿ!” ಎಂದು ಕೂಗುತ್ತ ಹನುಮಯ್ಯ ಓಡಿಬಂದ. ಸೌದೆ ಎಸೆದು, ಮೇಲ್ಗಡೆಯ ಸಣ್ಣದೊಂದು ಹಿಡಿಯನ್ನು ಒಂದೇ ಬೆರಳಿನಲ್ಲಿ ಹಿಂದಕ್ಕೆ ತಳ್ಳಿದ. ಮೋಟಾರು ನಿಂತಿತು. ಪಂಚೆ ಅರ್ಧ ಹರಿದು ರೆಕ್ಕೆಗೆ ಸುತ್ತಿಕೊಂಡಿತ್ತು.

ಮೋಟಾರಾದರೂ ಉಳಿಯಲಿ ಎಂದು ಪಕ್ಕದಲ್ಲಿದ್ದ ಬಿಂದಿಗೆ ಎತ್ತಿ ಅದರ ಮೇಲೆ ನೀರು ಸುರಿಯಹೋದೆ. ಹನುಮಯ್ಯ ನನ್ನ ಮಣಿಕಟ್ಟು ಹಿಡಿದ. “ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಸೀಳಿ ಹೋಯ್ತದೆ. ಹಂಗೇ ಬುಡಿ, ತಾನಾಗೇ ಆರ್ಲಿ.” ಆಮೇಲೆ ಮೆಟ್ಟಿಲ ಮೇಲೆ ಕುಳಿತು ತಲೆ ತಗ್ಗಿಸಿದ. “ನಂದೇ ತಪ್ಪು ಸಾವ್ಕಾರ್ರೆ. ಮೊದ್ಲು ನಿಲ್ಸೋದು ಹೇಳಿಕೊಡಬೇಕಿತ್ತು.”

ಮಧ್ಯಾಹ್ನ ಬಿಚ್ಚಿ ನೋಡಿದ. ನೀರೆಳೆಯುವ ಪಂಪಿನೊಳಗಿನ ತೊಗಲಿನ ಬಿಲ್ಲೆ ಸುಟ್ಟು ಕರಕಲಾಗಿತ್ತು, ಉಳಿದದ್ದು ನೆಟ್ಟಗಿತ್ತು. ಬಾವಿಯಿಂದ ನೀರೆತ್ತುತ್ತಿದ್ದ ಹಳೇ ಕಪಿಲೆಯ ತೊಗಲ ಚೀಲದಲ್ಲಿ ಅಷ್ಟೇ ಅಗಲದ ಬಿಲ್ಲೆ ಕತ್ತರಿಸಿ, ಹರಳೆಣ್ಣೆಯಲ್ಲಿ ನೆನೆಸಿ ಕೂರಿಸಿದ. ಬಳಿಕ, “ಬನ್ನಿ” ಎಂದು ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದೊಯ್ದ. ತೆಂಗಿನ ಗರಿಗಳನ್ನು ಸರಿಸಿದರೆ ಅಲ್ಲೊಂದು ಗಾರೆ ತೊಟ್ಟಿ! ಎದೆಮಟ್ಟ ಆಳ, ಒಂದು ಅಂಚಿಗೆ ಮೋಟಾರು ಕಚ್ಚಿಸಲೆಂದೇ ಹಲಗೆ ಕೂರಿಸಿತ್ತು.

“ದೊರೆ ಯಾವಾಗ್ಲೂ ಇದ್ರಾಗೇ ಮೋಟ್ರು ಓಡ್ಸಿ ತೊಳೆಸ್ತಿದ್ದುದು. ಪೀಪಾಯಿ ಬ್ಯಾಡಾಗಿತ್ತು. ಇದು ಒಂದ್ ಗಂಟೆ ಕೆಲ್ಸ” ಎಂದ ಹನುಮಯ್ಯ, ನನ್ನ ಮುಖ ನೋಡದೆ. “ಹರಾಜಾದ ಮ್ಯಾಲೆ ಇತ್ಲಾಗೆ ಒಬ್ರೂ ಬಂದಿರಲಿಲ್ಲ.”

ಬೈಯಬೇಕೆಂದುಕೊಂಡವನು ಬಿಂದಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದೆ.

ಅವನು ಕಲಿಸಿದ್ದನ್ನು ಇಂಥ ಮೋಟಾರು ಇಟ್ಟುಕೊಂಡವರಿಗಾಗಿ ಇಲ್ಲಿ ಹೇಳಿಬಿಡುತ್ತೇನೆ. ನೀರು ತಿಳಿಯಾಗಿರಲಿ, ಪಂಪಿನ ಬಾಯಿಗಿಂತ ಒಂದು ಮೊಳ ಮೇಲಿರಲಿ. ಬಯಲಿನಲ್ಲೇ ಓಡಿಸಿ, ಮುಚ್ಚಿದ ಕೋಣೆಯಲ್ಲಿ ಹೊಗೆ ಜೀವ ತೆಗೆಯುತ್ತದೆ. ಪಂಚೆ ಎತ್ತಿ ಬಿಗಿದು ಕಟ್ಟಿ. ಓಡುವಾಗ ನೀರಿಗೆ ಕೈ ಹಾಕಲೇಬೇಡಿ. ಹತ್ತಿಕೊಂಡ ತಕ್ಷಣ ಉಗಿಯುವ ತೂತು ನೋಡಿ, ನೀರು ಬಾರದಿದ್ದರೆ ಆ ಕ್ಷಣವೇ ನಿಲ್ಲಿಸಿ. ತೊಟ್ಟಿಯ ನೀರಿನಲ್ಲಿ ಎಣ್ಣೆ ತೇಲುತ್ತದೆ, ಅದನ್ನು ದನ ಕುಡಿಯುವ ಕಡೆ ಬಿಡಬೇಡಿ.

ಇಬ್ಬರೂ ಬಾವಿಯಿಂದ ಸೇದಿ ತೊಟ್ಟಿ ತುಂಬಿದೆವು. ಹಗ್ಗ ಎಳೆದೆ. ತೂತಿನಿಂದ ಮೊದಲು ಕೆರೆಯ ಕೆಸರು ಬಂತು, ಆಮೇಲೆ ಕಲಕು ನೀರು, ಆಮೇಲೆ ತಿಳಿ. ಹನುಮಯ್ಯ ಆ ಧಾರೆಗೆ ಬೆರಳೊಡ್ಡಿದ. “ಬೆಚ್ಚಗೈತೆ. ಕ್ಷೇಮ” ಎಂದ. ಐದು ನಿಮಿಷ ಓಡಿತು. ಅಷ್ಟು ಹೊತ್ತೂ ಅವನು ಕಣ್ಣು ಮುಚ್ಚಿ ನಿಂತಿದ್ದ. ನಾನು ನಿಲ್ಲಿಸಿದೆ.

ಸಂಜೆ ತರೀಕೆರೆ ಸ್ಟೇಷನ್ನಿಗೆ ಒಯ್ಯಲು ಬಂಡಿ ಬಂತು. ಮೋಟಾರು ಇನ್ನೂ ತೊಟ್ಟಿಯ ಅಂಚಿನಲ್ಲೇ ಇತ್ತು. ಹನುಮಯ್ಯ ತಿರುಪಿಗೆ ಕೈ ಹಾಕಿದವನು ನಿಂತ.

“ಇನ್ನೊಂದ್ ಸಲ ಓಡ್ಸಿ ಸಾವ್ಕಾರ್ರೆ. ಒಂದೈದು ನಿಮ್ಷ.”

“ಯಾಕೆ? ಈಗ ಓಡಿತಲ್ಲ.”

“ಏನಿಲ್ಲ. ಸುಮ್ಕೆ. ಕೇಳಾಣ ಅಂತ.”

ಪೆಟ್ರೋಲು ಆಗ ತುಟ್ಟಿ. ಡಬ್ಬಿಯಲ್ಲಿ ಉಳಿದಿದ್ದನ್ನು ಸೋಮವಾರಕ್ಕೆಂದು ಎತ್ತಿಟ್ಟಿದ್ದೆ. “ಸುಮ್ಮನೆ ಯಾಕೆ ಸುಡೋದು ಬಿಡು. ಬಂಡಿ ಕಾಯ್ತಾ ಇದೆ, ಹೊತ್ತಾಯ್ತು” ಎಂದೆ.

“ಸರಿ ಬುಡಿ” ಎಂದ. ತಾನೇ ತಿರುಪು ಸಡಿಲಿಸಿ, ಮೋಟಾರನ್ನು ಹೊತ್ತು ತಂದು, ಹುಲ್ಲು ಹಾಸಿ ಬಂಡಿಯಲ್ಲಿ ಮಲಗಿಸಿದ. ಕೊಟ್ಟ ಇನಾಮನ್ನು ಎಣಿಸದೆ ಸೊಂಟಕ್ಕೆ ಸಿಕ್ಕಿಸಿಕೊಂಡ.

ಸೋಮವಾರ ಗುತ್ತಿಗೆದಾರರು ಬಂದರು. ನನ್ನ ಡಬ್ಬಿಯ ಪೆಟ್ರೋಲನ್ನು ಮೂಸಿ ನೋಡಿ, “ಇದು ಹಳಸಿದೆ ಕಣ್ರೀ” ಎಂದು ನನ್ನೆದುರಿಗೇ ನೆಲಕ್ಕೆ ಚೆಲ್ಲಿದರು. ತಾವೇ ತಂದಿದ್ದನ್ನು ಹಾಕಿದರು. ಅಂಗಡಿಯ ಮುಂದೆ ನೀರು ತುಂಬಿಟ್ಟಿದ್ದ ಪೀಪಾಯಿಯಲ್ಲಿ ಮೋಟಾರು ಚೆನ್ನಾಗಿ ಓಡಿತು, ವ್ಯಾಪಾರ ಕುದುರಿತು. ನನ್ನ ಅಂಗಡಿ ನಿಂತದ್ದು ಆ ವ್ಯಾಪಾರದಿಂದಲೇ.

ಮಳೆಗಾಲ ಮುಗಿದ ಮೇಲೆ ಆ ಕಡೆ ಹೋದಾಗ ಬಂಗಲೆಗೆ ಸುಣ್ಣ ಬಳಿಯುತ್ತಿದ್ದರು. ಹಿತ್ತಲಿನ ಕೋಣೆಯಲ್ಲಿ ಹೊಸ ಮಾಲೀಕರ ಆಳುಗಳಿದ್ದರು. ಹನುಮಯ್ಯ ಯಾವ ಕಡೆ ಹೋದನೆಂದು ಅವರಿಗೆ ತಿಳಿಯದು. ಕಡೂರು, ಬೀರೂರು ಸಂತೆಗಳಲ್ಲಿ ಎಷ್ಟೋ ವರ್ಷ ವಿಚಾರಿಸಿದೆ. ಸಿಗಲಿಲ್ಲ.

ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ. ಗೆದ್ದದ್ದರಲ್ಲಿ ನೆನಪಿರುವುದೂ ಕಡಿಮೆ. ಆ ಸಂಜೆ ಹೊತ್ತಾಯ್ತು ಎಂದೆನಲ್ಲ, ಅದೊಂದು ಮಾತು ಮಾತ್ರ ಈ ವಯಸ್ಸಿನಲ್ಲೂ ನನ್ನನ್ನು ಬಿಟ್ಟಿಲ್ಲ. ರೈಲು ಇದ್ದದ್ದು ಮರುದಿನ ಬೆಳಿಗ್ಗೆ.