ಇಮಾಮಸಾಬರ ತಿಜೋರಿ

ಈ ಸಂಗತಿ ಕೇಳಿದವರಲ್ಲಿ ಬಹಳ ಜನ ನಕ್ಕಿದ್ದಾರೆ. ನಗಲಿ. ಆ ರಾತ್ರಿ ತಿಜೋರಿಯ ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದವನು ನಾನು, ಅವರಲ್ಲ.

ಸಿಂದಗಿಯಲ್ಲಿ ನನ್ನದೊಂದು ಕೀಲಿ ರಿಪೇರಿ ಅಂಗಡಿ ಇದೆ. ತಿಜೋರಿ ತೆರೆಯಲು ಬಾಗೇವಾಡಿ, ಮುದ್ದೇಬಿಹಾಳದ ತನಕವೂ ಹೋಗುತ್ತೇನೆ. ಹೋದ ಚಳಿಗಾಲದಲ್ಲಿ ಇಂಡಿಯಿಂದ ದಸ್ತಗೀರ ಅನ್ನುವವರು ಫೋನ್ ಮಾಡಿದರು.

"ಬಸಣ್ಣ, ನಮ್ಮ ಅಕ್ಕನ ಖೋಲ್ಯಾಗ ಒಂದ್ ಹಳೀ ತಿಜೋರಿ ಐತ್ರಿ. ಕೀಲಿ ಇಲ್ಲ, ನಂಬರ್ ತಿರುಗಿಸೂದು. ನಂಬರ್ ಗೊತ್ತಿದ್ದ ನಮ್ಮ ಮಾವ ತೀರಿಕೊಂಡಾರ."

ಆ ಮಾವ ಇಮಾಮಸಾಬರು, ನಿಂಬೆಹಣ್ಣಿನ ವ್ಯಾಪಾರಿ. ಮುಚ್ಚಿಹೋದ ಹತ್ತಿ ಮಿಲ್ಲೊಂದರ ಹರಾಜಿನಲ್ಲಿ ಅದನ್ನು ಕೊಂಡು ತಂದಿದ್ದರಂತೆ. ಅವರ ಹೆಂಡತಿ ರಜಿಯಾ ಈಗಲೂ ಅದೇ ಮನೆಯಲ್ಲಿ, ತಮ್ಮ ದಸ್ತಗೀರರ ಕುಟುಂಬದ ಜೊತೆಗಿದ್ದರು.

ನಾನು ಹೋದಾಗ ಸಂಜೆಯಾಗಿತ್ತು. ಬ್ಯಾಟರಿ ಹಿಡಿದು ತಿಜೋರಿ ನೋಡಿದೆ. ಕಂಪನಿಯ ಬಿಲ್ಲೆ ಇದ್ದ ಜಾಗದಲ್ಲಿ ಬರೀ ಸ್ಕ್ರೂ ತೂತುಗಳು. ಮೂಲೆಗಳು ದುಂಡಗೆ, ಬಾಗಿಲು ಒಂದು ಗೇಣು ದಪ್ಪ. ಬೆರಳಿನಿಂದ ಬಡಿದರೆ ಮಣ್ಣಿನ ಗೋಡೆ ಬಡಿದಂತೆ ಸಪ್ಪೆ ಸದ್ದು. ಬೆಂಕಿ ತಾಗದಿರಲೆಂದು ಎರಡು ತಗಡುಗಳ ನಡುವೆ ಪುಡಿ ತುಂಬಿದ್ದರು. ನಮ್ಮ ದೇಶದ ಮಾಲಲ್ಲ, ಸ್ವಾತಂತ್ರ್ಯಕ್ಕೂ ಮುಂಚೆ ಹಡಗಿನಲ್ಲಿ ಬಂದದ್ದು. ಬಾಗಿಲ ನಡುವೆ ಅಂಕಿ ಕೊರೆದ ಹಿತ್ತಾಳೆ ಚಕ್ರ.

"ಇದರಾಗ ಏನೈತ್ರಿ ಅಕ್ಕಾರ?"

ರಜಿಯಾ ಸೆರಗಿನಿಂದ ಚಕ್ರದ ಧೂಳು ಒರೆಸಿದರು. "ನನ್ನ ಮಗಳ ಕಾಲಗೆಜ್ಜಿ. ನಡಿಯಾಕ ಕಲಿಯೂದ್ರಾಗ ಹೋಗಿಬಿಟ್ಳು. ನಾ ದಿನಾ ನೋಡಿ ಅಳತೇನಿ ಅಂತ ಅವ್ರು ಇದರಾಗ ಇಟ್ರು. ಆಮ್ಯಾಲ ಅವರಿಗೆ ಮರವು ಹತ್ತಿ ನಂಬರ್ ಹೋತು, ಕಡೀಕ ನನ್ನ ಹೆಸರೂ ಹೋತು. ಒಂದ್ಸಲ ಕೈಯಾಗ ಹಿಡೀಬೇಕ್ರಿ ತಮ್ಮಾ, ಅಷ್ಟ."

ಇಂಥ ಬೀಗಕ್ಕೆ ನಿಶ್ಶಬ್ದ ಬೇಕು. ಚಕ್ರ ತಿರುಗಿಸಿದರೆ ಒಳಗಿನ ಬಿಲ್ಲೆಗಳು ಒಂದಾದ ಮೇಲೊಂದು ಸಿಕ್ಕಿಕೊಳ್ಳುತ್ತವೆ. ಆ ಸಣ್ಣ ಸದ್ದಿನ ಮೇಲೆಯೇ ನಂಬರು ಹುಡುಕಬೇಕು. ಹಾಗಾಗಿ ಓಣಿ ಮಲಗುವ ತನಕ ಕಾದೆ.

ಕಿವಿ ಹಚ್ಚಿ ನಿಧಾನಕ್ಕೆ ತಿರುಗಿಸಿದೆ. ಟಕ್... ಟಕ್... ಟಕ್. ಮೂರು ಬಿಲ್ಲೆ. ಬೆರಳಿಗೂ ಸ್ಪಷ್ಟವಾಗಿ ತಿಳಿಯಿತು. ಖುಷಿಯಾಯಿತು. ಬೆರಳು ನೀವಿಕೊಳ್ಳಲು ಕೈ ತೆಗೆದೆ.

ಟಕ್...

ಹಿತ್ತಾಳೆ ಚಕ್ರದ ಮೇಲೆ ಬ್ಯಾಟರಿ ಬೆಳಕು ಬಿಟ್ಟೆ. ಅದು ಅಲುಗಿರಲಿಲ್ಲ.

ಟಕ್... ಟಕ್...

ಕೋಣೆಯಲ್ಲಿ ಒಂದು ವಾಸನೆ ಎದ್ದಿತು. ಆಗ ತಾನೇ ಹಿಂಡಿದ ನಿಂಬೆ ಸಿಪ್ಪೆಯ ವಾಸನೆ. ಆ ಮನೆಯಲ್ಲಿ ನಿಂಬೆ ವ್ಯಾಪಾರ ನಿಂತು ಎಷ್ಟೋ ಕಾಲವಾಗಿತ್ತು. ಚಕ್ರ ಮುಟ್ಟಿದೆ. ಆ ಚಳಿಯಲ್ಲೂ ನನ್ನ ಕೈಗಿಂತ ಬೆಚ್ಚಗಿತ್ತು... ಬೇರೆ ಯಾರೋ ಬಹಳ ಹೊತ್ತು ಹಿಡಿದು ಈಗಷ್ಟೇ ಬಿಟ್ಟ ಹಾಗೆ.

"ಕೇಳಸ್ತಲ್ರಿ?"

ಥಟ್ಟನೆ ತಿರುಗಿದೆ. ರಜಿಯಾ ಬಾಗಿಲಲ್ಲಿ ನಿಂತಿದ್ದರು.

"ಹೆದರಬ್ಯಾಡ್ರಿ. ದಿನಾ ರಾತ್ರಿ ಹಿಂಗ... ಅವ್ರು ಇದ್ದಾಗೂ ಇದ ಮಾಡ್ತಿದ್ರು. ಕೂತು ತಿರುಗಸೂದು, ನಡುವ ಮರಿಯೂದು, ಮತ್ತ ಮೊದಲಿಂದ ಸುರು ಮಾಡೂದು."

ನಾನು ಮತ್ತೆ ಬಾಗಿಲಿಗೆ ಕಿವಿ ಹಚ್ಚಿದೆ. ನಿಜ. ಸದ್ದು ಒಂದು ಲಯದಲ್ಲಿ ಹೋಗುತ್ತಿತ್ತು. ಒಂದು ಕಡೆ ತಡವರಿಸಿ ನಿಲ್ಲುತ್ತಿತ್ತು. ಮತ್ತೆ ಮೊದಲಿನಿಂದ... ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತಿತ್ತು.

ರಜಿಯಾ ಬಂದು ತಿಜೋರಿಯ ಮೇಲೆ ಕೈಯಿಟ್ಟರು. ಮಗುವನ್ನು ಮಲಗಿಸುವ ದನಿಯಲ್ಲಿ ಅಂದರು, "ಸಾಕ್ರಿ... ಮಲ್ಕೋರಿ ಇನ್ನ."

ಸದ್ದು ನಿಂತಿತು. ನನಗೆ ಬೆಳಗಿನ ತನಕ ಕಣ್ಣು ಹತ್ತಲಿಲ್ಲ.

"ಕೊಯ್ದುಬಿಡೋಣ," ಎಂದು ಬೆಳಿಗ್ಗೆ ದಸ್ತಗೀರರಿಗೆ ಹೇಳಿದೆ. ಆ ಚಕ್ರವನ್ನು ಮತ್ತೆ ಮುಟ್ಟುವ ಧೈರ್ಯ ನನಗಿರಲಿಲ್ಲ. ರಜಿಯಾ ತಲೆಯಾಡಿಸಿದರು. "ತೆಗೀರಿ. ಅವರಿಗೂ ಬಿಡುಗಡಿ ಆಗಲಿ."

ಗ್ರೈಂಡರ್ ಹಿಡಿದು ಹಿಂಬದಿಯ ತಗಡು ಕೊಯ್ದೆ. ತೇವದ ಬಿಳಿ ಪುಡಿ ಹೆಂಟೆ ಹೆಂಟೆಯಾಗಿ ಉದುರಿತು. ಒಳಗಿನ ತಗಡನ್ನೂ ತೆಗೆದೆ.

ಖಾಲಿ.

ರಜಿಯಾ ಒಳಗೆ ಕೈ ಹಾಕಿ ಒಂದೊಂದು ಮೂಲೆಯನ್ನೂ ಸವರಿದರು. ಕೈಗೆ ಬರೀ ಧೂಳು ಹತ್ತಿತು. ಅಳಲಿಲ್ಲ. "ಮತ್ತ... ಅವ್ರು ಇಷ್ಟ ದಿನ ಏನ್ ಹುಡುಕಾಕತ್ತಿದ್ರು?" ಎಂದರು.

ನಾನು ಬಾಗಿಲ ಒಳಬದಿಯ ಸ್ಕ್ರೂ ಬಿಚ್ಚಿ ಬೀಗದ ಪೆಟ್ಟಿಗೆ ತೆರೆದೆ. ಬ್ಯಾಟರಿ ಹತ್ತಿರ ಹಿಡಿದೆ. ಮೂರೂ ಬಿಲ್ಲೆಗಳು ತುಕ್ಕು ಹಿಡಿದು ಒಂದೇ ಗಡ್ಡೆಯಾಗಿದ್ದವು. ಚಕ್ರದಿಂದ ಅವಕ್ಕೆ ಹೋಗುವ ಕಬ್ಬಿಣದ ಸರಳೇ ಮುರಿದಿತ್ತು. ಮುರಿದ ತುದಿಯೂ ತುಕ್ಕು ಹಿಡಿದು ಕಪ್ಪಗಾಗಿತ್ತು. ನಿನ್ನೆ ಮೊನ್ನೆ ಮುರಿದದ್ದಲ್ಲ. ಯಾವ ನಂಬರು ತಿರುಗಿಸಿದರೂ ಅದು ತೆರೆಯುತ್ತಿರಲಿಲ್ಲ. ಸದ್ದಾಗುವುದಂತೂ ಸಾಧ್ಯವೇ ಇರಲಿಲ್ಲ.

ಹಾಗಾದರೆ ನನ್ನ ಬೆರಳಿಗೆ ಸಿಕ್ಕಿದ್ದೇನು?

ತುಂಡುಗಳನ್ನು ಅವತ್ತೇ ಗುಜರಿಯವನು ಒಯ್ದ. ನಾನು ಸಿಂದಗಿಗೆ ಬಂದೆ. ಕೆಲವು ದಿನಗಳ ಮೇಲೆ ದಸ್ತಗೀರರ ಫೋನ್ ಬಂತು. ದನಿ ಕುಗ್ಗಿತ್ತು.

"ಸಪ್ಪಳಾ ನಿಂತೈತ್ರಿ ಬಸಣ್ಣ. ಅವತ್ತಿಂದ ಒಮ್ಮಿನೂ ಬಂದಿಲ್ಲ."

"ಒಳ್ಳೇದಾತಲ್ರಿ."

"ಏನ್ ಒಳ್ಳೇದ್ರಿ... ಅಕ್ಕ ಊಟ ಬಿಟ್ಟಾಳ. ರಾತ್ರಿಯೆಲ್ಲಾ ಆ ಖೋಲ್ಯಾಗ ಕೂತು ಕಿವಿಗೊಟ್ಟು ಕೇಳತಾಳ. ತಡೀರಿ, ಆಕಿ ಮಾತಾಡತಾಳಂತ."

ಫೋನು ಕೈ ಬದಲಾಯಿತು. ರಜಿಯಾರ ಉಸಿರು ಕೇಳಿಸಿತು. ಆಮೇಲೆ ಬಹಳ ಸಣ್ಣ ದನಿ.

"ತಮ್ಮಾ... ಅದನ್ನ ಮತ್ತ ಜೋಡಿಸಾಕ ಬರ್ತೈತೇನ್ರಿ?"

ನಾನು ಗುಜರಿಗೆ ಹೋಗಿ ವಿಚಾರಿಸಿದೆ. ಎಲ್ಲ ಕರಗಿಸಲು ಲಾರಿಯಲ್ಲಿ ಹೋಗಿಯಾಗಿತ್ತು. ಅದನ್ನು ಅವರಿಗೆ ಹೇಗೆ ಹೇಳಲಿ? ಇವತ್ತಿಗೂ ಹೇಳಿಲ್ಲ. ದಸ್ತಗೀರರ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ... ಅದು ಬಡಿದುಕೊಂಡು ತಾನೇ ನಿಲ್ಲುವ ತನಕ ನೋಡುತ್ತಾ ಕೂರುತ್ತೇನೆ.